ಕೂಸಿನ ತುತ್ತು ತೂಗಬಾರದು

ಮಾವಶಿಯ ಬಲ ಮೊಣಕೈಯಿಂದ ಮಜ್ಜಿಗೆ ತೊಟ್ಟಿಕ್ಕದ ಬೆಳಗನ್ನು ನಾನು ನೋಡಿಲ್ಲ. ಆಗಷ್ಟೇ ಕಡೆದು ತೆಗೆದ ಬೆಣ್ಣೆಯನ್ನು ಅಂಗೈಯಲ್ಲೇ ಹಿಡಿದು, ಕೈಯನ್ನು ಮುಂದಕ್ಕೆ ಚಾಚಿಕೊಂಡು, ಎರಡು ಮನೆಗಳ ನಡುವಿನ ಸಂದಿಯಿಂದ ನಮ್ಮ ಹಿತ್ತಲ ಬಾಗಿಲಿಗೆ ಬರುತ್ತಿದ್ದರು. ಬೆಣ್ಣೆಯಿಂದ ಬಸಿದ ನೀರು ಮಣಿಕಟ್ಟಿನಿಂದ ಇಳಿದು, ಮುಂಗೈಯ ಹಸಿರು ಹಚ್ಚೆಯ ಮೇಲೆ ಹರಿದು, ಮೊಣಕೈಯ ತುದಿಯಲ್ಲಿ ಹನಿಯಾಗಿ ನಿಂತು ಬೀಳುತ್ತಿತ್ತು. ಆ ಹನಿಗಳ ಜಾಡು ಹಿಡಿದು ಅವರ ಮನೆಯ ಇರುವೆಗಳೂ ನಮ್ಮ ಮನೆಗೆ ಬರುತ್ತಿದ್ದವು. ಪಾತ್ರೆಯಲ್ಲಿ ತರಬಾರದೇ ಎಂದು ಕೇಳಿದರೆ, "ಭಾಂಡೆಕ್ಕ ಹತ್ತಿದ ಬೆಣ್ಣಿ ಯಾರ ಹೊಟ್ಟಿಗೂ ಹೋಗಂಗಿಲ್ಲ ಬೇ" ಎನ್ನುತ್ತಿದ್ದರು.

ಅವರು ನಮ್ಮ ಯಾರ ತಾಯಿಗೂ ತಂಗಿಯಲ್ಲ. ಬೇಡಕಿಹಾಳದ ನಮ್ಮ ಓಣಿಯಲ್ಲಿ ಎಲ್ಲರೂ ಮಾವಶಿ ಎಂದೇ ಕರೆಯುತ್ತಿದ್ದರು. ಸೊಸೆಯಾಗಿ ಬಂದ ನನಗೂ ಮಾವಶಿಯೇ ಆದರು. ಗಂಡ ತೀರಿಕೊಂಡ ಮೇಲೆ ತವರಿಗೆ ಬಂದು ಅಣ್ಣನ ಸಂಸಾರದ ಜೊತೆ ಇದ್ದರು. ಅಣ್ಣನದು ಕಬ್ಬಿನ ಹೊಲ, ಇವರದು ಎರಡು ಎಮ್ಮೆ. ಎಮ್ಮೆಗಳು ಗಡಿಯಾಚೆಯ ಸಂತೆಯಿಂದ ಬಂದವು, ಆದ್ದರಿಂದ ಅವುಗಳ ಜೊತೆ ಮರಾಠಿಯಲ್ಲೇ ಮಾತು. "ಕನ್ನಡದಾಗ ಹೇಳಿದ್ರ ಕಿವಿ ಆಡಸಂಗಿಲ್ಲ ಅವು" ಎಂದು ಬಹಳ ಗಂಭೀರವಾಗಿ ಹೇಳುತ್ತಿದ್ದರು. ಅಣ್ಣನನ್ನು ಮಾತ್ರ ಎರಡೂ ಭಾಷೆಯಲ್ಲಿ ಬೈಯುತ್ತಿದ್ದರು. ಓಣಿಯವರೆಲ್ಲ ಡೇರಿಗೆ ಹಾಲು ಹಾಕಿದರೂ ಇವರು ಹಾಕಲಿಲ್ಲ. ಡೇರಿಯಲ್ಲಿ ಹಾಲನ್ನು ಮಷೀನಿಗೆ ಇಟ್ಟು ಕೊಬ್ಬು ಎಷ್ಟಿದೆ ಎಂದು ನೋಡುವುದು ಎಮ್ಮೆಯ ಮರ್ಯಾದೆ ತೆಗೆದ ಹಾಗೆ ಎಂಬುದು ಅವರ ವಾದ.

ಅವರ ಬೆಣ್ಣೆಗೆ ಕಾಯಿ ಹಣ್ಣುಗಳೇ ಲೆಕ್ಕ. ಅಡಿಕೆಯಷ್ಟು, ಲಿಂಬೆಯಷ್ಟು, ಪೇರಲದಷ್ಟು. ನಾನು ಮದುವೆಯಾಗಿ ಬಂದ ವರ್ಷ ದೀಪಾವಳಿಗೆ ಶಂಕರಪಾಳಿ ಮಾಡಲು ಹೊರಟೆ. ಮೊಬೈಲಿನಲ್ಲಿ ಅಡುಗೆ ತೋರಿಸುವವಳು ಒಂದು ಕಪ್ ಬೆಣ್ಣೆ ಎಂದಳು. ಯಾರ ಮನೆಯ ಕಪ್ಪು ಎಂದು ಅವಳೂ ಹೇಳಲಿಲ್ಲ. ಹುಡುಕಿ ನೋಡಿದಾಗ ಒಂದು ಕಪ್ ಎಂದರೆ ಸುಮಾರು ಕಾಲು ಕಿಲೋಗಿಂತ ಸ್ವಲ್ಪ ಕಡಿಮೆ ಎಂದು ತಿಳಿಯಿತು. ಮಾವಶಿಗೆ ಕಾಲು ಕಿಲೋ ಕೊಡಿ ಎಂದೆ. ದೊಡ್ಡ ಪೇರಲದಂಥ ಮುದ್ದೆ ಕೊಟ್ಟು, ಮೇಲೆ ಅಡಿಕೆಯಷ್ಟು ಕೊಸರು ಹಚ್ಚಿದರು. ಶಂಕರಪಾಳಿ ಎಣ್ಣೆಗೆ ಬಿಟ್ಟ ಕೂಡಲೇ ಪುಡಿಪುಡಿಯಾಗಿ ತೇಲಿತು. ಮರುದಿನ ಅವರು ಕೊಟ್ಟ ಅಷ್ಟೇ ದೊಡ್ಡ ಮುದ್ದೆಯನ್ನು ಕಿರಾಣಿ ಅಂಗಡಿಗೆ ಒಯ್ದು ತೂಗಿಸಿ ನೋಡಿದರೆ, ಅರ್ಧ ಕಿಲೋದ ಹತ್ತಿರವಿತ್ತು. ಪ್ರಾಮಾಣಿಕಳಾದ ನಾನು ಹೋಗಿ ಹೇಳಿದೆ. ಮಾವಶಿಯ ಮುಖ ಕಪ್ಪಾಯಿತು.

"ಕೊಟ್ಟದ್ದನ್ನ ತೂಗಿ ನೋಡಿದೇನ? ನಿಮ್ಮವ್ವ ನಿನಗ ಹಾಲ ಕುಡಸೂ ಮುಂದ ತಕ್ಕಡಿ ಹಿಡಕೊಂಡ ಕುಂತಿದ್ಲೇನ?"

ಒಂದು ವಾರ ನನ್ನ ಜೊತೆ ಮಾತಾಡಲಿಲ್ಲ. ಬೆಣ್ಣೆಯನ್ನು ಮಾತ್ರ ಕಟ್ಟೆಯ ಮೇಲೆ ಎಲೆಯಲ್ಲಿಟ್ಟು ಹೋಗುತ್ತಿದ್ದರು.

ತಕ್ಕಡಿಯ ಮೇಲೆ ಅವರಿಗೆ ಅಷ್ಟು ಸಿಟ್ಟೇಕೆಂದು ಗೊತ್ತಾಗಲು ನನ್ನ ಮಗಳು ಹುಟ್ಟಬೇಕಾಯಿತು. ಬಾಣಂತಿತನ ಮುಗಿಸಿ ಬಂದವಳು ಮಗುವನ್ನು ಅಂಗನವಾಡಿಗೆ ತೂಕಕ್ಕೆ ಒಯ್ಯುತ್ತಿದ್ದೆ. ಎಮ್ಮೆಯ ಮೈ ತಿಕ್ಕುತ್ತಿದ್ದ ಮಾವಶಿ ದಾರಿಗೆ ಬಂದು ಅಡ್ಡ ನಿಂತರು.

"ನನ್ನ ಕೂಸನ್ನೂ ಒಯ್ದಿದ್ನಿ. ಅರಿಬಿ ಜೋಳಿಗ್ಯಾಗ ಹಾಕಿ ಕೊಂಡಿಗಿ ಸಿಗಿಸಿದ್ರು. ಮುಳ್ಳ ನೋಡಿ, ತೂಕ ಕಡಿಮಿ ಐತಿ ಅಂದ್ರು. ಅಲ್ಲೀತನಕ ನನ್ನ ಕಣ್ಣಿಗೆ ನನ್ನ ಕೂಸ ತುಂಬಿಕೊಂಡ ಇತ್ತ. ಅವತ್ತಿಂದ ಕಡಿಮಿ ಕಾಣಾಕ ಹತ್ತಿತು. ಮಳಿಗಾಲಕ್ಕ ಜ್ವರಾ ಬಂತು, ಹೋತು."

ಅವರು ಅಳಲಿಲ್ಲ. ಮತ್ತೆ ಎಮ್ಮೆಯ ಕಡೆ ತಿರುಗಿ ತಿಕ್ಕತೊಡಗಿದರು. ಕೂಸಿನ ತುತ್ತು ತೂಗಬಾರದು, ತೂಗಿದ್ದೆಲ್ಲ ತಕ್ಕಡಿಯ ಪಾಲು ಎಂದು ಅವರು ಆಗಾಗ ಹೇಳುವ ಮಾತಿನ ಹಿಂದೆ ಒಂದು ಮಗು ಇತ್ತೆಂದು ಅಂದು ತಿಳಿಯಿತು. ಅಳೆಯುವುದಕ್ಕೆ ಅವರ ತಕರಾರಿರಲಿಲ್ಲ. ಕಣದಲ್ಲಿ ಜೋಳ ಅಳೆಯುವಾಗ ಮೊದಲ ಅಳತೆಗೆ ಒಂದು ಎನ್ನದೆ 'ಲಾಭ' ಎನ್ನುತ್ತಾರೆ. ಅಳತೆ ಅಂಚು ಮೀರಿ ತಲೆಗಟ್ಟಿ ತುಂಬಿರಬೇಕು, ತುಂಬಿದರೆ ಮನೆಗೆ ಒಳ್ಳೆಯದು. ತೂಗುವುದು ಅಂಗಡಿಗೆ, ಅಳೆಯುವುದು ಮನೆಗೆ. ಇದಕ್ಕಿಂತ ಹೆಚ್ಚಿನ ಶಾಸ್ತ್ರ ಅವರಿಗೆ ಬೇಕಿರಲಿಲ್ಲ.

ಮಗಳಿಗೆ ಮೂರು ತುಂಬುವ ಮೊದಲೇ ಫಿಟ್ಸ್ ಶುರುವಾಯಿತು. ಆಡುತ್ತ ಆಡುತ್ತ ನಿಂತುಬಿಡುತ್ತಿದ್ದಳು. ಕಣ್ಣು ಮೇಲೆ ಸಿಕ್ಕಿಕೊಳ್ಳುತ್ತಿತ್ತು, ಕೈ ಜಗ್ಗುತ್ತಿತ್ತು, ಆಮೇಲೆ ಇಡೀ ಮೈ. ಚಿಕ್ಕೋಡಿಯಲ್ಲಿ ತೋರಿಸಿದೆವು, ಆಮೇಲೆ ಮಿರಜಕ್ಕೆ ಒಯ್ದೆವು. ಔಷಧಿ ಬದಲಿಸಿದರು, ಇನ್ನೊಂದು ಸೇರಿಸಿದರು, ಅದೂ ನಡೆಯಲಿಲ್ಲ. ಕಡೆಗೆ ಡಾಕ್ಟರು, ಕೆಲವು ಮಕ್ಕಳಿಗೆ ಊಟ ಬದಲಿಸಿದರೆ ಹತೋಟಿಗೆ ಬರುತ್ತದೆ, ಮಾಡಿ ನೋಡೋಣ ಎಂದು ಆ ದವಾಖಾನೆಯಲ್ಲೇ ಊಟ ಬರೆದುಕೊಡುವ ಮೇಡಂ ಹತ್ತಿರ ಕಳಿಸಿದರು. ಮೇಡಂ ಮರಾಠಿ ಬೆರೆತ ಕನ್ನಡದಲ್ಲಿ ಸಾವಕಾಶವಾಗಿ ತಿಳಿಸಿದರು. ಬೆಣ್ಣೆ, ತುಪ್ಪ, ಕೊಬ್ಬರಿ ಎಣ್ಣೆಯೇ ಊಟ. ರೊಟ್ಟಿ, ಅನ್ನ ಹೆಸರಿಗಷ್ಟೇ. ಸಕ್ಕರೆ, ಬೆಲ್ಲ ಮೂಸಲೂ ಬಾರದು. ಎಲ್ಲವೂ ಗ್ರಾಂ ಲೆಕ್ಕದಲ್ಲಿ.

"ಚಮಚದ ಲೆಕ್ಕಾ ಹೇಳ್ರಿ ಮೇಡಂ, ನಮಗ ಸಲೀಸ ಆಕ್ಕೈತಿ" ಎಂದೆ.

"ಯಾವ ಚಮಚಾ ಅಂತ ಹೇಳಲಿ? ಒತ್ತಿ ತುಂಬಿದ್ದೋ, ಸಡಲ ತುಂಬಿದ್ದೋ? ಗಟ್ಟಿ ಬೆಣ್ಣಿನೋ, ಕರಗಿದ್ದೋ? ಚಮಚಾ ಒಂದ, ತೂಕ ನಾಕ ಆಗ್ತೈತಿ. ಇದು ಔಷಧಾ ಅಂತ ತಿಳಕೊಳ್ರಿ. ತೂಗ್ರಿ."

ಬ್ಯಾಟರಿಯ ಚಿಕ್ಕ ತಕ್ಕಡಿ ತಂದೆವು. ಅಂಗಡಿಯ ಹಳದಿ ಬೆಣ್ಣೆ ತಂದು ತೂಗಿ ಕೊಟ್ಟೆ. ಮಗಳು ಬಾಯಿಗಿಟ್ಟ ಕೂಡಲೇ ವಾಂತಿ ಮಾಡಿದಳು. ಮರುದಿನ ಹಲ್ಲು ಬಿಗಿಹಿಡಿದು ಕುಳಿತಳು. ಅವಳು ತಿನ್ನುತ್ತಿದ್ದುದು ಮಾವಶಿಯ ಬಿಳಿ ಬೆಣ್ಣೆಯನ್ನು ಮಾತ್ರ, ಅದೂ ಮಾವಶಿಯ ಕೈಯಿಂದ, ಎಮ್ಮೆಗಳ ಮುಂದೆ ಕುಳಿತು. ನಾನು ಹೋಗಿ ಎಲ್ಲ ವಿವರಿಸಿದೆ. ಮಾವಶಿ ಕೊನೆಯ ತನಕ ಕೇಳಿದರು.

"ಬೇಕಾದ್ರ ಎರಡೂ ಎಮ್ಮಿ ಹೊಡಕೊಂಡ ಹೋಗ. ಬೇಕಾದಷ್ಟ ಬೆಣ್ಣಿ ಕೊಡ್ತೀನಿ. ತೂಗಿ ಕೊಡಂಗಿಲ್ಲ, ತೂಗಾಕ ಬಿಡಂಗಿಲ್ಲ."

"ಡಾಕ್ಟರ್ ಹೇಳ್ಯಾರ್ರಿ ಮಾವಶಿ."

"ಅವತ್ತೂ ಡಾಕ್ಟರ್ ಕಡಿಯವರ ಹೇಳಿದ್ರು."

ಅಷ್ಟಕ್ಕೇ ಬಿಡಲಿಲ್ಲ. ಅವರ ಬೆಣ್ಣೆಯಲ್ಲಿ ಮಗುವಿನ ಪಾಲನ್ನು ತಕ್ಕಡಿಯ ಮೇಲೆ ಇಡುವುದಿಲ್ಲ ಎಂದು ನನ್ನ ಕೈಯನ್ನು ಮಗಳ ತಲೆಯ ಮೇಲಿಡಿಸಿ ಆಣೆ ಮಾಡಿಸಿದರು. ಮಗಳ ತಲೆ ಮುಟ್ಟಿ ಮಾಡಿದ ಆಣೆಯನ್ನು ಮುರಿಯುವ ತಾಯಿ ನಮ್ಮ ಕಡೆ ಇನ್ನೂ ಹುಟ್ಟಿಲ್ಲ. ನಾನು ಕಾಲೇಜು ಓದಿದವಳು, ಇಂಥದ್ದನ್ನೆಲ್ಲ ನಂಬುವುದಿಲ್ಲ ಎಂದು ಎದೆ ತಟ್ಟಿ ಹೇಳುವವಳು. ಆದರೂ ಆ ತಕ್ಕಡಿಯನ್ನು ಕಪಾಟಿನ ಮೇಲೆ ಎತ್ತಿಟ್ಟೆ.

ಉಳಿದದ್ದು ಒಂದೇ ದಾರಿ. ಅಳೆಯಲು ಅವರು ಒಪ್ಪುತ್ತಾರೆ, ದವಾಖಾನೆಯವರು ತೂಕ ಕೇಳುತ್ತಾರೆ. ಈ ತೂಕವನ್ನು ಆ ಅಳತೆಗೆ ತರಬೇಕು. ಮಾವಶಿ ತಮ್ಮ ಮನೆಯಿಂದ ಒಂದು ಹಿತ್ತಾಳೆಯ ವಾಟಗಿ, ಅಂಗೈಯಲ್ಲಿ ಕೂರುವಂಥ ಸಣ್ಣ ಬಟ್ಟಲು, ಕೊಟ್ಟರು. ನಮ್ಮ ರೊಟ್ಟಿಗೆಂದು ಇಟ್ಟಿದ್ದ ಬೆಣ್ಣೆಯನ್ನು ತೂಗಲು ಅಡ್ಡಿಯಿಲ್ಲ ಎಂದೂ ಅಪ್ಪಣೆ ಕೊಟ್ಟರು, ದೊಡ್ಡವರ ತುತ್ತಿಗೆ ಏನೂ ಆಗುವುದಿಲ್ಲವಂತೆ. ನೀರು ತುಂಬಿದರೆ ವಾಟಗಿ ನೂರು ಗ್ರಾಂ ಹಿಡಿಯಿತು. ಬೆಣ್ಣೆಯನ್ನು ಕೈಯಿಂದ ಸಡಿಲವಾಗಿ ಹಾಕಿದರೆ ಎಂಬತ್ತೂ ಆಗಲಿಲ್ಲ. ನೀರು ಪೂರ್ತಿ ಹಿಂಡಿ, ಚಮಚದ ಬೆನ್ನಿನಿಂದ ಒತ್ತಿ ಒತ್ತಿ ಗಾಳಿ ಹೊರಗೆ ಹಾಕಿ, ಮೇಲೆ ಚಾಕುವಿನಿಂದ ಸಪಾಟು ಮಾಡಿದರೆ ತೊಂಬತ್ತರ ಮೇಲೆ ಬಂತು. ಬೆಣ್ಣೆ ನೀರಿಗಿಂತ ಹಗುರ, ಅದಕ್ಕೇ ತೇಲುತ್ತದೆ ಎಂದು ಶಾಲೆಯಲ್ಲಿ ಓದಿದ್ದೆ. ಅದು ನನ್ನ ಮಗಳ ಪ್ರಾಣದ ಲೆಕ್ಕವಾಗುತ್ತದೆ ಎಂದುಕೊಂಡಿರಲಿಲ್ಲ. ಅದೇ ವಾಟಗಿಯ ಬೆಣ್ಣೆಯನ್ನು ಕರಗಿಸಿ, ತಳದಲ್ಲಿ ನೀರು ಎಷ್ಟು ಉಳಿಯಿತು ಎಂದೂ ನೋಡಿ ಮೇಡಂಗೆ ಹೇಳಿದೆ. ಮೇಡಂ ಮನಸ್ಸಿಲ್ಲದ ಮನಸ್ಸಿನಿಂದ ಒಪ್ಪಿದರು. ಒತ್ತಿ ತುಂಬಿದ ಒಂದು ವಾಟಗಿಯನ್ನು ದಿನದ ಪಾಲು ಎಂದು ಹಿಡಿದು ಉಳಿದ ಊಟವನ್ನು ಅದಕ್ಕೆ ಹೊಂದಿಸಿಕೊಟ್ಟರು.

"ಒಂದ ಮಾತ ನೆನಪಿಡ್ರಿ. ದಿನಾ ಒಂದ ನಮೂನಿ ಇರಬೇಕ. ಇವತ್ತ ಹಿಂಡಿ ತುಂಬಿ, ನಾಳೆ ಹಿಂಡದ ತುಂಬಿದ್ರ ನಡಿಯಂಗಿಲ್ಲ."

ಮಾವಶಿಗೆ ಒತ್ತಿ ತುಂಬುವುದು ಕಷ್ಟವಾಗಲಿಲ್ಲ. ಸಪಾಟು ಮಾಡುವುದು ಮಾತ್ರ ಅವರ ಕೈಲಿ ಆಗಲಿಲ್ಲ. ಕೈ ತಾನಾಗಿ ಮೇಲೊಂದಿಷ್ಟು ಕೊಸರು ಹಚ್ಚುತ್ತಿತ್ತು. ನಾನು ಚಾಕುವಿನಿಂದ ಅದನ್ನು ಕೆರೆಯುವಾಗ ಮುಖ ತಿರುಗಿಸಿಕೊಂಡು ಎಮ್ಮೆಗೆ ಮರಾಠಿಯಲ್ಲಿ ನನ್ನ ಮೇಲೆ ದೂರು ಹೇಳುತ್ತಿದ್ದರು. ಕೆರೆದದ್ದನ್ನು ವಾಪಸು ಪಡೆಯುವ ಪದ್ಧತಿ ಅವರಲ್ಲಿ ಇರಲಿಲ್ಲ. ಬೆರಳಿಂದ ತೆಗೆದು ನನ್ನ ತುಟಿಗೆ ಒರೆಸಿ, "ನೀನೂ ಒಂದ ಕೂಸ ಇದ್ದಿ, ತಿನ್ನ" ಎನ್ನುತ್ತಿದ್ದರು. ನನಗೆ ಹಾಗೆ ತಿನ್ನಿಸಿದವರು ಆ ಊರಲ್ಲಿ ಬೇರೆ ಯಾರೂ ಇರಲಿಲ್ಲ.

ಫಿಟ್ಸ್ ಕಡಿಮೆಯಾಯಿತು. ಚಳಿಗಾಲದ ಹೊತ್ತಿಗೆ ನಿಂತೇ ಹೋಯಿತು. ಮಗಳು ಓಡಿದಳು, ಎಮ್ಮೆಗಳನ್ನು ಮರಾಠಿಯಲ್ಲಿ ಗದರಿಸಿದಳು, ಮನೆಯ ಎಲ್ಲರ ಹೆಸರು ಹಿಡಿದು ಕೂಗಿದಳು. ಆ ತಿಂಗಳುಗಳಲ್ಲಿ ನನ್ನ ಗಂಡ ನಗುತ್ತಿದ್ದುದು ನನಗೆ ಚೆನ್ನಾಗಿ ನೆನಪಿದೆ. ಮಾವಶಿ ಸಪಾಟು ಮಾಡುವುದನ್ನೂ ಕಲಿತರು. ಆಮೇಲೆ ವಾಟಗಿಯನ್ನು ಅವರೇ ತುಂಬಿ, ಅವರೇ ಒರೆಸಿ, ತಮ್ಮ ಅಂಗಳದಲ್ಲೇ ಮಗಳಿಗೆ ತಿನ್ನಿಸುತ್ತಿದ್ದರು. ನಾನು ಹೋಗಿ ನೋಡಿದಾಗಲೆಲ್ಲ ವಾಟಗಿ ಅಂಚಿಗೆ ಸರಿಯಾಗಿ ತುಂಬಿರುತ್ತಿತ್ತು.

ಬೇಸಿಗೆ ಬಂತು. ಒಂದು ಎಮ್ಮೆ ಬತ್ತಿತು, ಇನ್ನೊಂದು ಬತ್ತುವ ದಾರಿಯಲ್ಲಿತ್ತು. ಇದನ್ನು ಮಾವಶಿ ಅಣ್ಣನಿಗೂ ಬಾಯಿಬಿಟ್ಟು ಹೇಳಲಿಲ್ಲ. ಬೆಣ್ಣೆ ಮೊದಲಿಗಿಂತ ಬೆಳ್ಳಗೆ, ಮೆತ್ತಗೆ ಕಾಣುತ್ತಿತ್ತು. ಬಿಸಿಲಿಗೆ ಹಾಗಾಗಿದೆ ಎಂದುಕೊಂಡೆವು. ಒಂದು ಮಧ್ಯಾಹ್ನ ಮಗಳು ಎಮ್ಮೆಯ ಗೋದಲಿಯ ಪಕ್ಕ ಬಿದ್ದಳು. ಈ ಬಾರಿ ಫಿಟ್ಸ್ ನಿಲ್ಲಲಿಲ್ಲ. ಜೀಪಿನಲ್ಲಿ ಕಾಗವಾಡ ದಾಟುವಾಗಲೂ ನನ್ನ ತೊಡೆಯ ಮೇಲೆ ಅವಳ ಮೈ ಜಗ್ಗುತ್ತಲೇ ಇತ್ತು. ಮಿರಜದಲ್ಲಿ ಅವಳನ್ನು ಒಳಗೆ ಒಯ್ದರು, ನಮ್ಮನ್ನು ಹೊರಗೆ ನಿಲ್ಲಿಸಿದರು. ಅವಳು ಕಣ್ಣು ತೆರೆದಾಗ ನನ್ನನ್ನು ಗುರುತಿಸಿದಳು. ಮಾತು ಮಾತ್ರ ಬರಲಿಲ್ಲ. ಬಲಗಾಲು ಎಳೆಯುತ್ತಿತ್ತು.

ಮೇಡಂ ಬೆಣ್ಣೆ ತರಿಸಿ ಎಂದರು. ಗಂಡ ಊರಿಗೆ ಹೋಗಿ, ಅಂದು ಮಗಳಿಗೆಂದು ಮಾವಶಿ ತುಂಬಿಟ್ಟಿದ್ದ ವಾಟಗಿಯನ್ನು ತಂದ. ಮೇಡಂ ಅದನ್ನು ನನ್ನ ಎದುರೇ ಸ್ಟೀಲಿನ ಪಾತ್ರೆಯಲ್ಲಿ ಕರಗಿಸಿದರು. ತುಂಬಿದ ವಾಟಗಿ ಕರಗಿ ಅರ್ಧಕ್ಕೆ ಇಳಿಯಿತು. ಉಳಿದದ್ದರಲ್ಲೂ ತಳದಲ್ಲಿ ನೀರು ನಿಂತಿತ್ತು. ತಣ್ಣೀರು ಹಾಕಿ ಕಲಸಿ ಕಲಸಿ, ಗಾಳಿ ತುಂಬಿ ಉಬ್ಬಿಸಿದ ಬೆಣ್ಣೆ ಅದು. ಎಷ್ಟು ದಿನದಿಂದ ಹೀಗೆ ನಡೆದಿತ್ತೋ, ಅಷ್ಟು ದಿನವೂ ಮಗಳಿಗೆ ಸಿಗಬೇಕಾದುದರ ಅರ್ಧವೂ ಸಿಕ್ಕಿರಲಿಲ್ಲ. ಮೇಡಂ ಯಾರನ್ನೂ ಬೈಯಲಿಲ್ಲ. ಪಾತ್ರೆಯನ್ನು ಕೆಳಗಿಟ್ಟು, ಬೆಣ್ಣೆ ಕಡಿಮೆ ಬಿದ್ದ ದಿನ ಎಷ್ಟು ಎಣ್ಣೆ ಸೇರಿಸಬೇಕು ಎಂದು ಬರೆದುಕೊಟ್ಟರು.

ಊರಿಗೆ ಬಂದ ದಿನವೇ ಮಾವಶಿಯ ಕೊಟ್ಟಿಗೆಗೆ ಹೋದೆ. ಅವರು ಖಾಲಿ ಗೋದಲಿಯ ಮೇಲೆ ಕುಳಿತಿದ್ದರು.

"ನೀರ ಹಾಕಿ ಕಲಸಿದ್ರೇನ್ರಿ?"

"ಹೂಂ."

"ಯಾಕ್ರಿ ಮಾವಶಿ?"

"ಎಮ್ಮಿ ಬತ್ತಿದ್ವು. ಕೂಸಿನ ವಾಟಗಿ ಅರ್ಧಾ ಇಡಬಾರದಂತ ಮಾಡಿದೆ. ಅರ್ಧಾ ವಾಟಗಿ ಮುಂದಿಟ್ರ ಕೂಸ ಅರ್ಧಾ ಆಕ್ಕೈತಿ. ತುಂಬಿತ್ತಲ್ಲ ತಂಗಿ, ನೀನೂ ನೋಡಿದ್ದಿ."

"ವಾಟಗಿ ತುಂಬಿತ್ರಿ. ಬೆಣ್ಣಿ ಇದ್ದಿಲ್ಲ."

ನಾನು ಇನ್ನೂ ಬಹಳ ಅಂದೆ. ಅಂದದ್ದರಲ್ಲಿ ಸುಳ್ಳು ಯಾವುದೂ ಇರಲಿಲ್ಲ, ಇವತ್ತಿಗೂ ನಾನು ಅದನ್ನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಅಂಗಡಿಯವನೊಬ್ಬ ಹೀಗೆ ಮಾಡಿದ್ದರೆ ಮೋಸ ಎನ್ನಬಹುದಿತ್ತು, ಪೊಲೀಸರಿಗೆ ಹೇಳಬಹುದಿತ್ತು. ಇವರು ಪ್ರೀತಿಯಿಂದ ಮಾಡಿದ್ದರು, ತಮ್ಮ ಪಾಲಿನ ಹಾಲನ್ನೂ ಬಿಟ್ಟು ಕೂಸಿನ ವಾಟಗಿ ತುಂಬಿದ್ದರು. ಅದನ್ನು ಯಾರಿಗೆ ಹೇಳುವುದು? ಮಾವಶಿ ಸೆರಗನ್ನು ಬಾಯಿಗೆ ಒತ್ತಿಕೊಂಡು ಎಲ್ಲವನ್ನೂ ಕೇಳಿಸಿಕೊಂಡರು.

ಮರುದಿನ ಬೆಳಿಗ್ಗೆ ಅವರು ಹಿತ್ತಲ ಬಾಗಿಲಿಗೆ ಬಂದಾಗ ಕೈಯಲ್ಲಿ ಅಡಿಕೆಯಷ್ಟೇ ಬೆಣ್ಣೆ ಇತ್ತು.

"ಇವತ್ತ ಇಷ್ಟ ಐತಿ" ಎಂದರು. ಬೆಣ್ಣೆ ಇಷ್ಟೇ ಇದೆ ಎಂಬ ಮಾತನ್ನು ಅವರ ಬಾಯಿಂದ ನಾನು ಅದುವರೆಗೆ ಕೇಳಿರಲಿಲ್ಲ. "ನಿನ್ನ ತಕ್ಕಡಿ ತಗಿ."

"ಬ್ಯಾಡ್ರಿ. ಆಣಿ ಐತಿ."

"ಆಣಿ ನಾ ಮಾಡಿಸಿದ್ದು. ನಾ ಬಿಡಸ್ತೀನಿ. ತಗಿ."

ಕಪಾಟಿನ ಮೇಲಿಂದ ತಕ್ಕಡಿ ಇಳಿಸಿ ಒರೆಸಿಟ್ಟೆ. ಮಾವಶಿ ಬೆಣ್ಣೆಯನ್ನು ಎಡಗೈಗೆ ವರ್ಗಾಯಿಸಿ, ಬಲ ಅಂಗೈಯನ್ನು ತಕ್ಕಡಿಯ ಮೇಲೆ ಊರಿ, ಮೈಭಾರ ಬಿಟ್ಟು ಒತ್ತಿದರು. ಅಂಕಿಗಳು ಓಡಿದವು. ಅವರು ತಕ್ಕಡಿಗೇ ಹೇಳುವ ಹಾಗೆ, ಮೆಲ್ಲಗೆ ಹೇಳಿದರು:

"ಮೊದಲ ನನ್ನ ತೂಕಾ ತಗೊ. ಒಯ್ಯೂದಿದ್ರ ಇದರಾಗ ಒಯ್ಯಿ."

ಆಮೇಲೆ ಕೈ ತೆಗೆದು ಬೆಣ್ಣೆ ಇಟ್ಟರು. ನಾನು ಓದಿ ಹೇಳಿದೆ, ಉಳಿದದ್ದನ್ನು ಮೇಡಂ ಹೇಳಿದಂತೆ ಎಣ್ಣೆಯಿಂದ ತುಂಬಿಸಿದೆ. ಅಂದಿನಿಂದ ದಿನವೂ ಇದೇ. ಮೊದಲು ಅವರ ಅಂಗೈ, ಆಮೇಲೆ ಮಗಳ ಬೆಣ್ಣೆ. ತಕ್ಕಡಿ ಕೆಡುತ್ತದೆ ಎಂದು ನನ್ನ ಗಂಡ ಒಮ್ಮೆ ಹೇಳಲು ಹೋದ. ಅವನನ್ನು ನಾನೇ ಸುಮ್ಮನಿರಿಸಿದೆ. ಎಮ್ಮೆಗಳು ಮತ್ತೆ ಈದವು, ಬೆಣ್ಣೆ ಮತ್ತೆ ಪೇರಲದಷ್ಟಾಯಿತು. ಕೊಸರು ಕೊಡುವುದನ್ನು ಮಾತ್ರ ಮಾವಶಿ ಓಣಿಯಲ್ಲಿ ಎಲ್ಲರಿಗೂ ನಿಲ್ಲಿಸಿದರು. ಮಾವಶಿ ಜಿಪುಣಿಯಾದರು ಎಂದು ಜನ ಆಡಿಕೊಂಡರು. ಮಗಳ ಫಿಟ್ಸ್ ಮತ್ತೆ ಹತೋಟಿಗೆ ಬಂತು. ಕಾಲು ಸ್ವಲ್ಪ ಸುಧಾರಿಸಿತು. ಮಾತಿನಲ್ಲಿ ಹೋದದ್ದು ಬಹಳಷ್ಟು ಹೋಗಿಯೇ ಹೋಯಿತು.

ಹೀಗೆ ತೂಗತೊಡಗಿದ ಎರಡನೆಯ ವರ್ಷ ಮಾವಶಿ ಇಳಿಯತೊಡಗಿದರು. ಕುಪ್ಪಸದ ತೋಳು ಜೋತುಬಿತ್ತು, ಕೊರಳ ಎಲುಬು ಎದ್ದವು. ಉಂಡದ್ದು ನಿಲ್ಲುತ್ತಿರಲಿಲ್ಲ. ಅಣ್ಣ ಬೈದು ಬೈದು ಚಿಕ್ಕೋಡಿಗೆ ಕರೆದೊಯ್ಯುವ ಹೊತ್ತಿಗೆ ಹೊಟ್ಟೆಯೊಳಗಿನ ಗಡ್ಡೆ ಬಹಳ ಬೆಳೆದಿತ್ತು. ಜೊತೆಗೆ ನಾನೂ ಹೋಗಿದ್ದೆ. ಔಷಧಿ ಕೊಡುವ ಮೊದಲು ತೂಕ ನೋಡಬೇಕು ಎಂದು ನರ್ಸ್ ಕರೆದಾಗ, ಒಲ್ಲೆ ಎನ್ನುತ್ತಾರೆಂದು ನಾನು ಹೆದರಿದೆ. ಮಾವಶಿ ನನ್ನ ಹೆಗಲು ಹಿಡಿದು ತಾವಾಗಿ ಹತ್ತಿ ನಿಂತರು.

"ಎಷ್ಟ ಐತಿ?"

ಹೇಳಿದೆ. ಒಂದು ಹೋರಿಗರುವಿನ ತೂಕವೂ ಅಲ್ಲ.

"ಬಾಳ ಇಳದೈತಿ, ಹೌದಲ್ಲ?"

"ಹೌದ್ರಿ."

"ಕೂಸಿಂದು?"

"ಏರೈತ್ರಿ. ಹೋದ ಸಲಕ್ಕಿಂತ ಛಲೋ ಏರೈತಿ."

ಅವರ ಮುಖದಲ್ಲಿ ಬಹಳ ದಿನದ ಮೇಲೆ ಒಂದು ಸಮಾಧಾನ ಬಂತು. ನನಗೆ ಅದು ಸಹಿಸಲಾಗಲಿಲ್ಲ.

"ಅದಕ್ಕೂ ಇದಕ್ಕೂ ಸಂಬಂಧ ಇಲ್ರಿ ಮಾವಶಿ. ಇದು ಗಡ್ಡಿ. ಡಾಕ್ಟರ್ ಫೋಟೊದಾಗ ತೋರಿಸ್ಯಾರ."

"ನಿನಗ ಇಲ್ಲ" ಎಂದರು, ನನ್ನ ಹೆಗಲು ಹಿಡಿದೇ ಕೆಳಗಿಳಿಯುತ್ತ. "ನನಗ ಐತಿ. ಇರಲಿ ಬಿಡ."

ಕಬ್ಬಿನ ಸುಗ್ಗಿ ಶುರುವಾಗುವ ಮೊದಲೇ ತೀರಿಕೊಂಡರು. ಎಮ್ಮೆಗಳನ್ನು ಅಣ್ಣ ಗಡಿಯಾಚೆಯವರಿಗೇ ಮಾರಿದ. ಮಗಳು ಈಗ ಅಂಗಡಿಯ ಬೆಣ್ಣೆಯನ್ನೇ ತಿನ್ನುತ್ತಾಳೆ, ಹಠ ಮಾಡುವಷ್ಟು ಮಾತು ಅವಳಲ್ಲಿ ಉಳಿದಿಲ್ಲ. ನಾನು ಗ್ರಾಂ ಲೆಕ್ಕದಲ್ಲಿ ತೂಗುತ್ತೇನೆ, ಒಂದು ಚೂರೂ ಆಚೀಚೆ ಆಗಲು ಬಿಡುವುದಿಲ್ಲ.

ಮೊನ್ನೆ ಮಿರಜದಲ್ಲಿ ಮಗಳನ್ನು ತೂಕಕ್ಕೆ ನಿಲ್ಲಿಸಿದರು. ಮತ್ತೆ ಏರಿದೆ ಎಂದು ಮೇಡಂ ಸಂತೋಷದಿಂದ ಹೇಳಿ, ಇಷ್ಟು ಚೆನ್ನಾಗಿ ಹೇಗೆ ಏರಿಸಿದಿರಿ ಎಂದು ನನ್ನನ್ನು ಕೇಳಿದರು. ತೂಗಿ ತೂಗಿ ತ್ರಾಸ ಪಟ್ಟೇನ್ರಿ ಎಂದು ಹೇಳಿದ್ದರೆ ಸಾಕಿತ್ತು. ಬೇರೆ ಒಬ್ಬರದು ಇಳಿದ ಮೇಲೆ ಏರಿತು ಎಂದು ನನ್ನ ನಾಲಿಗೆಯ ತುದಿಗೆ ಬಂತು. ನಾನು ಇಂಥದ್ದನ್ನೆಲ್ಲ ನಂಬುವವಳಲ್ಲ. ಆದ್ದರಿಂದ ಮಗಳನ್ನು ಎತ್ತಿಕೊಂಡು ಹೊರಗಿನ ಬೆಂಚಿಗೆ ಬಂದು, ಜನ ನೋಡುತ್ತಿದ್ದರೂ ಲೆಕ್ಕಿಸದೆ ಅತ್ತೆ.